ಆಟ ಕಟ್ಟಿದವರ ಹೆಸರು

ಚದುರಂಗವನ್ನು ಆಡುವವರು ಲೋಕದಲ್ಲೆಲ್ಲ ಇದ್ದಾರೆ. ಅದನ್ನು ಮೊದಲು ರೂಪಿಸಿದವರ ಹೆಸರು ಮಾತ್ರ ಯಾರಿಗೂ ತಿಳಿಯದು. ಆಟ ಉಳಿದು, ಆಟ ಕಟ್ಟಿದವರು ಮರೆಯಾಗುವುದು ಲೋಕದ ರೂಢಿ. ಕಂಪ್ಯೂಟರ್ ಯುಗದಲ್ಲಿ ಹುಟ್ಟಿದ ವಿಡಿಯೋ ಆಟಗಳಿಗೂ ಮೊದಮೊದಲು ಇದೇ ಗತಿಯಾಯಿತು. 1970ರ ದಶಕದ ಕೊನೆಯಲ್ಲಿ ಅಮೆರಿಕದ ಅಟಾರಿ ಕಂಪನಿಯು ತಾನು ಮಾರುತ್ತಿದ್ದ ಆಟಗಳಲ್ಲಿ ಅವುಗಳ ರಚನಕಾರರ ಹೆಸರನ್ನು ತಿಳಿಸುತ್ತಿರಲಿಲ್ಲ. ಇದನ್ನು ಒಪ್ಪದ ವಾರನ್ ರಾಬಿನೆಟ್ ಎಂಬ ತರುಣನು ‘ಅಡ್ವೆಂಚರ್’ ಎಂಬ ತನ್ನ ಆಟದೊಳಗೆ ಯಾರಿಗೂ ತಿಳಿಯದಂತೆ ಒಂದು ಗುಪ್ತ ಕೋಣೆಯನ್ನು ನಿರ್ಮಿಸಿ, ಅಲ್ಲಿ ತನ್ನ ಹೆಸರನ್ನು ಅಡಗಿಸಿಟ್ಟನು. 1980ರಲ್ಲಿ ಆ ಆಟ ಮಾರುಕಟ್ಟೆಗೆ ಬಂದಿತು. ಅದರ ಮೂಲೆಮೂಲೆಯನ್ನೂ ಶೋಧಿಸಿದ ಬಾಲಕನೊಬ್ಬನು ಕಂಪನಿಗೆ ಪತ್ರ ಬರೆದಾಗಲೇ ಗುಟ್ಟು ಬಯಲಾಯಿತು.

ಅಂದು ಅಡಗಿ ಕುಳಿತಿದ್ದ ಹೆಸರುಗಳು ಇಂದು ತುಂಬಿದ ಸಭೆಯಲ್ಲಿ ಮೊಳಗುತ್ತವೆ. ಅಂತಹ ಸಭೆಗಳಲ್ಲಿ ‘ದಿ ಗೇಮ್ ಅವಾರ್ಡ್ಸ್’ ಎಂಬ ವಾರ್ಷಿಕ ಪ್ರಶಸ್ತಿ ಸಮಾರಂಭವು ಪ್ರಸಿದ್ಧವಾದುದು. ಇದನ್ನು ಆರಂಭಿಸಿದವರು ಕೆನಡಾ ಮೂಲದ ಪತ್ರಕರ್ತ ಜೆಫ್ ಕೀಲಿ. 1994ರಲ್ಲಿ ಇಂತಹುದೇ ಒಂದು ಸಮಾರಂಭವು ಅಮೆರಿಕದ ದೂರದರ್ಶನದಲ್ಲಿ ಪ್ರಸಾರವಾದಾಗ, ಇನ್ನೂ ಹದಿಹರೆಯದವರಾಗಿದ್ದ ಅವರು ನಿರೂಪಕರಿಗೆ ಮಾತುಗಳನ್ನು ಬರೆದುಕೊಟ್ಟಿದ್ದರು. ಇಪ್ಪತ್ತು ವರ್ಷಗಳ ತರುವಾಯ, 2014ರಲ್ಲಿ, ಲಾಸ್ ವೇಗಸ್ ನಗರದಲ್ಲಿ ಅವರ ಸ್ವಂತ ಸಮಾರಂಭ ನಡೆಯಿತು. ಮರುವರ್ಷ ಅದು ಲಾಸ್ ಏಂಜಲೀಸ್ ನಗರಕ್ಕೆ ಸ್ಥಳಾಂತರಗೊಂಡಿತು.

ಪ್ರಶಸ್ತಿಗಳ ಆಯ್ಕೆಯ ಕ್ರಮವೂ ಗಮನಾರ್ಹವಾದುದು. ಹಲವು ದೇಶಗಳ ಪತ್ರಿಕೆಗಳು ಹಾಗೂ ಮಾಧ್ಯಮ ಸಂಸ್ಥೆಗಳು ತೀರ್ಪುಗಾರರಾಗಿ ಆಟಗಳನ್ನು ಸೂಚಿಸುತ್ತವೆ. ಬಹುತೇಕ ಪ್ರಶಸ್ತಿಗಳ ಅಂತಿಮ ನಿರ್ಣಯದಲ್ಲಿ ಶೇಕಡ 90ರಷ್ಟು ತೂಕ ತೀರ್ಪುಗಾರರ ಮತಕ್ಕೆ. ಉಳಿದ ಶೇಕಡ 10ರಷ್ಟು ಸಾರ್ವಜನಿಕರ ಮತಕ್ಕೆ. ಕಥೆ, ಸಂಗೀತ, ಚಿತ್ರಕಲೆ, ಅಭಿನಯ ಮುಂತಾದವುಗಳಿಗೆ ಬೇರೆಬೇರೆ ಪ್ರಶಸ್ತಿಗಳುಂಟು. ಒಂದು ಆಟವು ಎಷ್ಟು ಕಲೆಗಳ ಸಂಗಮವೆಂಬುದನ್ನು ಈ ಪಟ್ಟಿಯೇ ಸಾರುತ್ತದೆ.

ಈ ಸಮಾರಂಭದ ಇತಿಹಾಸದಲ್ಲಿ ಮರೆಯಲಾಗದ ಗಳಿಗೆಯೊಂದು 2016ರ ಡಿಸೆಂಬರ್ 1ರಂದು ಒದಗಿತು. ಸಮಾಜದ ಮೇಲೆ ಒಳ್ಳೆಯ ಪ್ರಭಾವ ಬೀರುವ ಆಟಕ್ಕೆ ಮೀಸಲಾದ ಪ್ರಶಸ್ತಿಯನ್ನು ಸ್ವೀಕರಿಸಲು ರಯಾನ್ ಗ್ರೀನ್ ಎಂಬವರು ವೇದಿಕೆಯನ್ನೇರಿದರು. ಅವರ ಮಗ ಜೋಯೆಲ್ ಒಂದು ವರ್ಷದ ಶಿಶುವಾಗಿದ್ದಾಗಲೇ ಕ್ಯಾನ್ಸರಿಗೆ ತುತ್ತಾಗಿದ್ದನು. ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಗು ಒಂದೇ ಸಮನೆ ಅಳತೊಡಗಿತು. ಎತ್ತಿಕೊಂಡರೂ, ತಟ್ಟಿದರೂ, ನೀರು ಕುಡಿಸಲು ಯತ್ನಿಸಿದರೂ ಅಳು ನಿಲ್ಲಲಿಲ್ಲ. ಆ ಅಸಹಾಯಕತೆಯನ್ನೇ ತಂದೆ ಆಟವಾಗಿ ಕಟ್ಟಲಾರಂಭಿಸಿದರು. ಪತ್ನಿ ಏಮಿ ಹಾಗೂ ಗೆಳೆಯರು ಜೊತೆಗೂಡಿದರು. ಆಟ ಪೂರ್ಣಗೊಳ್ಳುವ ಮೊದಲೇ, 2014ರಲ್ಲಿ, ಐದು ವರ್ಷದ ಜೋಯೆಲ್ ತೀರಿಕೊಂಡನು. ‘ದಟ್ ಡ್ರ್ಯಾಗನ್, ಕ್ಯಾನ್ಸರ್’ ಎಂಬ ಹೆಸರಿನ ಆ ಆಟ 2016ರ ಜನವರಿ 12ರಂದು, ಮಗುವಿನ ಜನ್ಮದಿನದಂದೇ, ಹೊರಬಂದಿತು. ಆಡುವವರು ಎಷ್ಟೇ ಜಾಣರಾಗಿರಲಿ, ಮಗುವನ್ನು ಉಳಿಸಲಾರರು. ಅಲ್ಲಿ ಗೆಲುವಿಲ್ಲ, ಮಗುವಿನ ಬಳಿ ಕುಳಿತಿರುವುದಷ್ಟೇ ಉಂಟು. ವೇದಿಕೆಯಲ್ಲಿ ಮಗನನ್ನು ನೆನೆದಾಗ ರಯಾನರ ಕಂಠ ಗದ್ಗದವಾಯಿತು. ಮನರಂಜನೆಗೆಂದು ನೆರೆದಿದ್ದ ಸಭೆ ಮೌನವಾಗಿ ಆಲಿಸಿತು.

ಈ ಸಮಾರಂಭದಲ್ಲಿ ಕೊರತೆಗಳಿಲ್ಲವೆಂದಲ್ಲ. ಮುಂದೆ ಬರಲಿರುವ ಆಟಗಳ ಪ್ರಚಾರಕ್ಕೆ ಇಲ್ಲಿ ಧಾರಾಳವಾಗಿ ಸಮಯ ದೊರೆಯುತ್ತದೆ. 2023ರಲ್ಲಿ ಪ್ರಶಸ್ತಿ ಪಡೆದವರಿಗೆ ಮಾತು ಬೇಗನೆ ಮುಗಿಸುವಂತೆ ಸೂಚನೆ ಬಂದುದು ತೀವ್ರ ಟೀಕೆಗೆ ಗುರಿಯಾಯಿತು. ಅದೇ ವರ್ಷ ಆಟ ತಯಾರಿಸುವ ಉದ್ಯಮದಲ್ಲಿ ಸಾವಿರಾರು ಜನ ಕೆಲಸ ಕಳೆದುಕೊಂಡಿದ್ದರು. ಟೀಕೆ ವ್ಯರ್ಥವಾಗಲಿಲ್ಲ. 2024ರಲ್ಲಿ ಹೊಸದೊಂದು ಗೌರವವನ್ನು ಸ್ಥಾಪಿಸಿ, ಅಮೀರ್ ಸತ್ವತ್ ಎಂಬವರಿಗೆ ಅರ್ಪಿಸಲಾಯಿತು. ಅವರು ಯಾವ ಆಟವನ್ನೂ ರಚಿಸಿ ಆ ಗೌರವ ಪಡೆದವರಲ್ಲ. ಕೆಲಸ ಕಳೆದುಕೊಂಡವರಿಗಾಗಿ ಉದ್ಯೋಗಾವಕಾಶಗಳ ಪಟ್ಟಿಯನ್ನು ಸಿದ್ಧಪಡಿಸಿ, ಅನೇಕರಿಗೆ ಮರಳಿ ದುಡಿಮೆಯ ದಾರಿ ತೋರಿದವರು.

ಪ್ರಶಸ್ತಿಯ ಫಲಕ ಒಬ್ಬರ ಕೈಗೆ ಬರುತ್ತದೆ. ಅದರ ಹಿಂದೆ ನೂರಾರು ಜನರ ಬೆವರು ಇರುತ್ತದೆ. ರಾಬಿನೆಟ್ ತನ್ನ ಹೆಸರನ್ನು ಗುಪ್ತ ಕೋಣೆಯಲ್ಲಿ ಬರೆಯಬೇಕಾಯಿತು. ರಯಾನ್ ಗ್ರೀನ್ ತಮ್ಮ ಮಗನ ಹೆಸರನ್ನು ಲೋಕದ ಮುಂದೆ ಹೇಳಬಲ್ಲವರಾದರು. ಆಟವೊಂದನ್ನು ಆಡಿ ಮುಗಿಸಿದಾಗ ಪರದೆಯ ಮೇಲೆ ಸಾಲುಸಾಲಾಗಿ ಸರಿದುಹೋಗುವ ಹೆಸರುಗಳನ್ನು ಒಂದು ಕ್ಷಣ ನಿಂತು ಓದಿದರೆ, ಅದೂ ಒಂದು ಗೌರವವೇ.