ಎರಡನೇ ಸಲ ಕೇಳುವುದು

ಬ್ಯಾಂಕಿನಲ್ಲಿ 34 ವರ್ಷ ದುಡಿದು ಮನೆ ಸೇರಿದ ಮರುತಿಂಗಳೇ ನನಗೊಂದು ಚಟ ಹತ್ತಿಕೊಂಡಿತು. ಯಾರಿಗಾದರೂ ಏನಾದರೂ ಹೇಳಿಕೊಡಬೇಕು ಎನ್ನುವ ಚಟ. ಮನೆಯಲ್ಲಿ ಕೇಳುವವರಿರಲಿಲ್ಲ. ಹೆಂಡತಿಯ ಕಿವಿ ನನ್ನ ಉಪದೇಶಕ್ಕೆ ಮುಚ್ಚಿ ಎಷ್ಟೋ ಕಾಲವಾಗಿತ್ತು. ಹಾವೇರಿ ಜಿಲ್ಲೆಯ ನಮ್ಮ ತಾಲ್ಲೂಕು ಊರಿನಲ್ಲಿ, ನಮ್ಮ ಮನೆಯಿಂದ ಎರಡು ಓಣಿ ದಾಟಿದರೆ ಕಾಲೇಜು ಹುಡುಗರ ಸರ್ಕಾರಿ ಹಾಸ್ಟೆಲ್ಲು. ಒಂದು ಸಂಜೆ ದಾರಿಯಲ್ಲಿ ಸಿಕ್ಕ ವಾರ್ಡನ್ನರು, "ಭಾನುವಾರ ಬಂದು ನಮ್ಮ ಹುಡುಗರಿಗೆ ಜೀವನ ಕೌಶಲದ ಬಗ್ಗೆ ನಾಲ್ಕು ಮಾತು ಹೇಳ್ರಿ ಸರ್" ಅಂದರು. ಹಸಿದವನಿಗೆ ಪಂಕ್ತಿಗೆ ಕರೆದಂತಾಯಿತು.

ನಾಲ್ಕು ಮಾತಲ್ಲ, ಒಂದೂವರೆ ತಾಸು ಹೇಳಿದೆ. ವಿಶ್ವ ಆರೋಗ್ಯ ಸಂಸ್ಥೆ ತೊಂಬತ್ತರ ದಶಕದಲ್ಲಿ ಪಟ್ಟಿ ಮಾಡಿದ ಹತ್ತು ಕೌಶಲಗಳಿವೆಯಲ್ಲ, ನಿರ್ಧಾರ ತೆಗೆದುಕೊಳ್ಳುವುದು, ಸಮಸ್ಯೆ ಬಿಡಿಸುವುದು, ತನ್ನನ್ನು ತಾನು ಅರಿಯುವುದು, ಒತ್ತಡ ತಾಳಿಕೊಳ್ಳುವುದು ಇತ್ಯಾದಿ, ಹತ್ತನ್ನೂ ಬೋರ್ಡಿನ ಮೇಲೆ ಬರೆದೆ. ಹುಡುಗರು ಶ್ರದ್ಧೆಯಿಂದ ಬರೆದುಕೊಂಡರು. ಹಿಂದಿನ ಸಾಲಿನವರು ಅಷ್ಟೇ ಶ್ರದ್ಧೆಯಿಂದ ತೂಕಡಿಸಿದರು. ಕೊನೆಗೆ "ಏನಾದರೂ ಕೇಳೋದಿದೆಯಾ?" ಅಂದೆ. ಒಬ್ಬ ಎದ್ದು ನಿಂತ. "ಇದು ಪರೀಕ್ಷಾದಾಗ ಬರತೈತೇನ್ರಿ ಸರ್?"

ಅವತ್ತು ಮನೆಗೆ ಹೋಗುವಾಗ ನನಗೆ ಸಿಟ್ಟು ಬಂದಿತ್ತು. ಈ ಹುಡುಗರಿಗೆ ಆಸಕ್ತಿಯೇ ಇಲ್ಲ ಅಂದುಕೊಂಡೆ. ಎಷ್ಟು ಸುಳ್ಳು ಎಂಬುದು ಮೂರನೇ ಭಾನುವಾರ ಗೊತ್ತಾಯಿತು. ಪಾಠ ಬಿಟ್ಟು ಸುಮ್ಮನೆ ಹರಟುತ್ತ ಕೂತಾಗ, ಅವರಲ್ಲಿ ಅರ್ಧಕ್ಕರ್ಧ ಜನ ರಜೆಯಲ್ಲಿ ಕ್ರಾಸಿಂಗ್ ಕೆಲಸಕ್ಕೆ ಹೋಗುವವರು ಎಂದು ತಿಳಿಯಿತು. ನಮ್ಮ ಕಡೆ ಹೈಬ್ರಿಡ್ ಬೀಜ ಬೆಳೆಯುವ ಹೊಲಗಳು ಬೇಕಾದಷ್ಟಿವೆ. ಹತ್ತಿಯಾದರೆ ಸಂಜೆ ಮೊಗ್ಗಿನ ದಳ ಬಿಡಿಸಿ ಕೇಸರ ತೆಗೆದಿಡಬೇಕು, ಮರುದಿನ ಬೆಳಿಗ್ಗೆ ಗಂಡು ಹೂವು ತಂದು ಪರಾಗ ಮುಟ್ಟಿಸಬೇಕು. ಉಗುರು ಸ್ವಲ್ಪ ಹೆಚ್ಚು ಒತ್ತಿದರೆ ಮೊಗ್ಗು ಹೋಯಿತು, ಒಂದು ಕೇಸರ ಉಳಿದರೆ ಬೀಜ ಕೆಟ್ಟಿತು. ಒಬ್ಬ ಹುಡುಗ ಹಾಸ್ಟೆಲ್ಲಿನ ಅಂಗಳದ ದಾಸವಾಳದ ಮೊಗ್ಗು ಕಿತ್ತು ತಂದು ಹೆಬ್ಬೆರಳ ಉಗುರಿನಿಂದ ಮಾಡಿ ತೋರಿಸಿದ. ನೋಟು ಎಣಿಸಿ ಪಳಗಿದ ನನ್ನ ಬೆರಳಿಗೆ ಅದು ಸಾಧ್ಯವಾಗಲಿಲ್ಲ. ಹುಡುಗರು ನಕ್ಕರು. ತಾಳ್ಮೆ, ಏಕಾಗ್ರತೆ, ಬೇಸಾಯದ ಲೆಕ್ಕ, ಹೊಲದ ಮಾಲೀಕನ ಹತ್ತಿರ ಕೂಲಿ ಚೌಕಾಸಿ, ಎಲ್ಲ ಬಲ್ಲವರಿಗೆ ನಾನು ಬೋರ್ಡಿನ ಮೇಲೆ ಕೌಶಲ ಬರೆದಿದ್ದೆ.

ಹಾಗಾದರೆ ಕೊರತೆ ಎಲ್ಲಿ? ಅದನ್ನು ತೋರಿಸಿಕೊಟ್ಟವನು ಬಿ.ಎ. ಎರಡನೇ ವರ್ಷದ ಒಬ್ಬ ಎತ್ತರದ ಹುಡುಗ. ಎರಡು ವರ್ಷದಿಂದ ಅವನ ವಿದ್ಯಾರ್ಥಿವೇತನ ಬಂದಿರಲಿಲ್ಲ.

"ಬ್ಯಾಂಕಿನಾಗ ಕೇಳಿದ್ಯಾ?"

"ಕೇಳಿದ್ನಿರಿ. ಆಧಾರ್ ಲಿಂಕ್ ಆಗೇತಿ, ಹೋಗು ಅಂದ್ರು."

"ಮತ್ತ ನೀ ಏನಂದಿ?"

"ಏನೂ ಅನ್ಲಿಲ್ರಿ. ಬಂದ್ಬಿಟ್ಟೆ."

ಕೌಂಟರಿನವನು ಸುಳ್ಳು ಹೇಳಿರಲಿಲ್ಲ. ಖಾತೆಗೆ ಆಧಾರ್ ಲಿಂಕ್ ಆಗುವುದು ಒಂದು, ಸರ್ಕಾರದ ದುಡ್ಡು ಆಧಾರ್ ಮೂಲಕ ಯಾವ ಬ್ಯಾಂಕಿಗೆ ಹೋಗಬೇಕು ಎಂದು ಎನ್‌ಪಿಸಿಐ ಎಂಬ ರಾಷ್ಟ್ರೀಯ ಪಾವತಿ ನಿಗಮದಲ್ಲಿ ದಾಖಲಾಗುವುದು ಇನ್ನೊಂದು. ಎರಡನೆಯದಕ್ಕೆ ಸೀಡಿಂಗ್ ಅನ್ನುತ್ತಾರೆ. ನಾಲ್ಕು ಬ್ಯಾಂಕಿನಲ್ಲಿ ಲಿಂಕ್ ಇದ್ದರೂ ದುಡ್ಡು ಹೋಗುವುದು ಕೊನೆಯದಾಗಿ ಸೀಡಿಂಗ್ ಆದ ಒಂದೇ ಖಾತೆಗೆ. ಈ ಹುಡುಗ ಪಿಯುಸಿ ರಜೆಯಲ್ಲಿ ಹುಬ್ಬಳ್ಳಿಯ ಒಂದು ಖಾನಾವಳಿಯಲ್ಲಿ ಕೆಲಸಕ್ಕಿದ್ದಾಗ ಮಾಲೀಕರು ಪಗಾರಕ್ಕೆಂದು ಅಲ್ಲೊಂದು ಖಾತೆ ತೆರೆಸಿದ್ದರು. ಎರಡು ವರ್ಷದ ದುಡ್ಡು ಅಲ್ಲಿ ಹೋಗಿ ಬೆಚ್ಚಗೆ ಕೂತಿತ್ತು. ಇತ್ತ ಇವನ ಅವ್ವ ಫೀಸಿಗೆ ನೂರಕ್ಕೆ ಮೂರರ ಬಡ್ಡಿಯಂತೆ ಸಾಲ ತಂದಿದ್ದಳು. "ಲಿಂಕ್ ಆಗಿದ್ರ ರೊಕ್ಕ ಯಾಕ ಬಂದಿಲ್ರಿ?" ಅಷ್ಟು ಕೇಳಿದ್ದರೆ ಸಾಕಿತ್ತು.

ನಾನು ಮಾಡಿದ್ದೇನು? ಮರುದಿನವೇ ಅವನನ್ನು ಕರೆದುಕೊಂಡು ಬ್ಯಾಂಕಿಗೆ ಹೋದೆ. ಒಳಗೆ ನನ್ನ ಪರಿಚಯದವರು. "ಬರ್ರಿ ಸರ್, ಚಾ ತರಸ್ಲೇನ್ರಿ?" ಐದು ನಿಮಿಷದಲ್ಲಿ ಎಲ್ಲ ಪತ್ತೆಯಾಯಿತು. ಹುಡುಗ ಒಂದು ಮಾತೂ ಆಡಲಿಲ್ಲ, ಆಡುವ ಅಗತ್ಯವನ್ನು ನಾನು ಉಳಿಸಿರಲಿಲ್ಲ. ಪರೋಪಕಾರ ಮಾಡಿದೆನೆಂದು ಬೀಗುತ್ತ ಮನೆಗೆ ಬಂದೆ. ಮುಂದಿನ ವಾರ ಹಾಸ್ಟೆಲ್ ಗೇಟಿನಲ್ಲಿ ಒಂಬತ್ತು ಹುಡುಗರು ಪಾಸ್‌ಬುಕ್ ಹಿಡಿದು ನಿಂತಿದ್ದರು. "ನೀವು ಸಂಗಾಟ ಬಂದ್ರ ಕೆಲಸ ಆಕ್ಕೇತಂತ್ರಿ ಸರ್." ನನ್ನಿಂದ ಅವರು ಕಲಿತದ್ದು ಇಷ್ಟೇ: ಒಳಗೆ ಹೋಗಬೇಕಾದರೆ ಸಂಗಡ ಒಬ್ಬ ಸಾಹೇಬ ಬೇಕು.

ಆ ಭಾನುವಾರ ಊಟದ ಹಾಲ್‌ನಲ್ಲಿ ಮೇಜು ಅಡ್ಡ ಹಾಕಿಸಿ ಕೌಂಟರ್ ಮಾಡಿದೆ. ನಾನು ಗುಮಾಸ್ತ, ಹುಡುಗರು ಗಿರಾಕಿಗಳು. ಒಬ್ಬೊಬ್ಬರಾಗಿ ಬಂದು ಕೆಲಸ ಮಾಡಿಸಿಕೊಂಡು ಹೋಗಬೇಕು. ಮೊದಲನೆಯವನು ಬಂದ. ನಾನು ತಲೆ ಎತ್ತಲಿಲ್ಲ. "ಸರ್..." ಅಂದ. ಎತ್ತಲಿಲ್ಲ. ಇನ್ನೊಮ್ಮೆ "ಸರ್" ಅಂದಾಗ ಚಲನ್ ಇಸಿದುಕೊಂಡು, ಅದನ್ನು ನೋಡದೆಯೇ, "ತಪ್ಪೈತಿ, ಬರಕೊಂಡು ಬಾ" ಎಂದು ಅವನ ಕಡೆ ತಳ್ಳಿದೆ. ಎರಡನೆಯವನಿಗೆ "ಅದು ನಂದಲ್ಲ, ಆ ಕಡೆ ಕೇಳು." ಮೂರನೆಯವನಿಗೆ "ಕಾಣಸ್ತಿಲ್ಲೇನು, ಊಟದ ಹೊತ್ತು." ಮೊದಮೊದಲು ಹುಡುಗರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ಆಮೇಲೆ ನಗು ನಿಂತಿತು. ನಾನು ಆ ಪಾತ್ರವನ್ನು ತೀರಾ ಚೆನ್ನಾಗಿ ಮಾಡುತ್ತಿದ್ದೆ. ಯಾರನ್ನೂ ಅನುಕರಿಸುವ ಅಗತ್ಯ ನನಗಿರಲಿಲ್ಲ.

ಅವತ್ತು ಅವರಿಗೊಂದು ಹಳೆಯ ಸಂಗತಿ ಹೇಳಿಬಿಟ್ಟೆ. 1991ರ ಮಾತು. ಆಗ ಗಿರಾಕಿಗಳ ವೇಳೆ ಮಧ್ಯಾಹ್ನ ಎರಡಕ್ಕೆ ಮುಗಿಯುತ್ತಿತ್ತು. ಎರಡು ಹೊಡೆದು ಐದು ನಿಮಿಷಕ್ಕೆ ಇವರದೇ ವಯಸ್ಸಿನ ಹುಡುಗನೊಬ್ಬ ಬೆವರುತ್ತ ಬಂದು, ಕಾಲೇಜಿನ ಅರ್ಜಿಯ ಸಂಗಡ ಇಡಲು ಡಿಡಿ ಬೇಕು ಅಂದ. ನಾಳೆ ಕೊನೆಯ ದಿನ, ಇವತ್ತೇ ರಿಜಿಸ್ಟರ್ ಅಂಚೆಗೆ ಹಾಕಬೇಕು. "ಹೊತ್ತು ಮೀರೇತಿ, ನಾಳೆ ಬಾ" ಅಂದೆ. ಡಿಡಿ ಬರೆಯಲು ಹತ್ತು ನಿಮಿಷದ ಕೆಲಸ. ಮ್ಯಾನೇಜರ್ ಬೇಡ ಅನ್ನುತ್ತಿರಲಿಲ್ಲ. ಹುಡುಗ ಒಂದು ಗಳಿಗೆ ನಿಂತ. ಅವನು ಇನ್ನೊಂದು ಸಲ ಕೇಳಿದ್ದರೆ ನಾನು ಬರೆದುಕೊಡುತ್ತಿದ್ದೆ, ಇದು ನನಗೆ ಖಾತ್ರಿ. ಕೇಳಲಿಲ್ಲ. ಕೈಯಲ್ಲಿದ್ದ ನೋಟು ಮಡಚಿಕೊಂಡು ಹೋದ.

"ಆಮ್ಯಾಗ ಅವಾ ಏನಾದ್ನಿರಿ?" ಎತ್ತರದ ಹುಡುಗ ಕೇಳಿದ.

"ಬಿಡಪ್ಪ, ಹಳೇ ಮಾತು" ಎಂದು ಮುಂದಿನವನನ್ನು ಕೌಂಟರಿಗೆ ಕರೆದೆ.

ಅಂದಿನಿಂದ ನಮ್ಮ ಪಾಠವೆಲ್ಲ ಅದೊಂದೇ. ಇಲ್ಲ ಅಂದ ಮೇಲೆ ಏನು ಹೇಳುವುದು? ದನಿ ಏರಿಸದೆ, ಅಳದೆ, ಅಲ್ಲಿಂದ ಕದಲದೆ ಎರಡನೇ ಸಲ ಕೇಳುವುದು ಹೇಗೆ? ಕೆಲವು ಪಟ್ಟುಗಳನ್ನು ನಾನೇ ಹೇಳಿಕೊಟ್ಟೆ, ಮೇಜಿನ ಆ ಬದಿ ಕೂತವನಿಗೆ ಯಾವುದು ತಾಗುತ್ತದೆ ಎಂದು ಗೊತ್ತಿತ್ತಲ್ಲ. ಅರ್ಜಿ ಎರಡು ಪ್ರತಿ ಒಯ್ಯಿ, ಒಂದರ ಮೇಲೆ ಸೀಲ್ ಹಾಕಿಸಿಕೋ. "ಯಾವಾಗ ಬರ್ಲಿ" ಅನ್ನಬೇಡ, "ಯಾವ ತಾರೀಕಿಗೆ ಬರ್ಲಿ" ಅನ್ನು, ಅವರ ಕಣ್ಣೆದುರೇ ಬರೆದುಕೋ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಹೋದರೆ ಸಕಾಲದ 15 ಅಂಕಿಯ ಸಂಖ್ಯೆ ಇಲ್ಲದೆ ಹೊರಗೆ ಬರಬೇಡ. ಹೇಳಿದ ದಿನ ದಾಟಿದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳಬಹುದು ಎಂದು 2011ರ ಸಕಾಲ ಕಾನೂನಿನಲ್ಲೇ ಇದೆ. ಆ ದುಡ್ಡು ಕೈಗೆ ಬಂದೀತೆಂದಲ್ಲ. ಆ ಸಂಖ್ಯೆ ಕೇಳುವ ಹುಡುಗನ ಹತ್ತಿರ ಮಾತಾಡುವ ಧಾಟಿ ಬೇರೆಯಾಗುತ್ತದೆ.

ಕೇಳದೆ ಸುಮ್ಮನಿದ್ದುದಕ್ಕೆ ತೆತ್ತ ಬೆಲೆ ಬ್ಯಾಂಕಿನಾಚೆಗೂ ಇತ್ತು. ಐಟಿಐ ಮುಗಿಸಿ ಕಾರ್ಖಾನೆ ಸೇರಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಆರು ತಿಂಗಳಿಗೇ ಕೆಲಸ ಬಿಟ್ಟು ಊರಿಗೆ ಬಂದಿದ್ದ. "16,000 ಅಂತ ಹೇಳಿ ರೊಕ್ಕ ಮುರಕೊಂಡ್ ಕೊಡ್ತಾರ್ರಿ, ಮೋಸ." ಪಗಾರ ಚೀಟಿ ತರಿಸಿ ನೋಡಿದೆ. ಮೂಲ ವೇತನ 12,000, ಅದರ ಶೇ. 12ರಂತೆ ಪಿ.ಎಫ್. 1,440. ಒಟ್ಟು ವೇತನದ ಶೇ. 0.75ರಂತೆ ಇ.ಎಸ್.ಐ. 120. ಒಟ್ಟು 1,560. ಪಿ.ಎಫ್.ಗೆ ಕಂಪನಿಯೂ ತನ್ನ ಪಾಲು 1,440 ಕಟ್ಟುತ್ತದೆ, ಇ.ಎಸ್.ಐ. ಇದ್ದರೆ ಅವನ ಅಪ್ಪ ಅವ್ವನಿಗೂ ಆಸ್ಪತ್ರೆ ಸಿಗುತ್ತಿತ್ತು ಎಂದು ವಿವರಿಸಿದಾಗ ಅವನು ಬಹಳ ಹೊತ್ತು ಆ ಚೀಟಿಯನ್ನೇ ನೋಡಿದ. ಸೂಪರ್‌ವೈಸರ್‌ನನ್ನು ಒಂದು ಸಲ ಕೇಳಿದ್ದನಂತೆ. "ಎಲ್ಲಾರಿಗೂ ಹಿಡೀತಾರ, ನಿನಗೇನು ವಿಶೇಷ?" ಎಂಬ ಉತ್ತರ ಬಂದಿತ್ತು.

ಇಂಥ ಹುಡುಗರೇ ಫೋನಿನ ಮೋಸಕ್ಕೆ ಬೀಳುವುದು ಯಾಕೆ ಎಂದು ನನಗೆ ಆಗ ಹೊಳೆಯಿತು. ದಡ್ಡತನದಿಂದಲ್ಲ. ದುಡ್ಡು ಬರಬೇಕಾದರೆ ಯುಪಿಐ ಪಿನ್ ಒತ್ತಬೇಕಾಗಿಲ್ಲ, ಕಳಿಸುವಾಗ ಮಾತ್ರ ಬೇಕು ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ಜೀವನದಲ್ಲಿ ಮೊದಲ ಸಲ ಒಬ್ಬ ಅವರನ್ನು "ಸರ್" ಅನ್ನುತ್ತಾನೆ, ಹತ್ತು ಸಲ ಕೇಳಿದರೂ ಬೇಸರಿಸದೆ ಹೇಳುತ್ತಾನೆ. ಅವನು ಕಳ್ಳ. ನಿಜವಾದ ಬ್ಯಾಂಕಿನವನು "ಏಯ್, ಆ ಕಡೆ ಸರಿ" ಅನ್ನುತ್ತಾನೆ. ಮೋಸವಾದರೆ 1930ಕ್ಕೆ ಕೂಡಲೇ ಫೋನ್ ಮಾಡಿ ಎಂದು ಹೇಳಿಕೊಟ್ಟೆ, ಸರಿ. ಆ ಎರಡು ದನಿಗಳ ಅಂತರಕ್ಕೆ ನನ್ನ ಹತ್ತಿರ ಸಹಾಯವಾಣಿ ಇಲ್ಲ.

ನನ್ನ ಈ ಪಟ್ಟು ಎಲ್ಲ ಕಡೆ ನಡೆಯುವುದಿಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳಿದವಳು ಹುಡುಗಿಯರ ಹಾಸ್ಟೆಲ್ಲಿನ ಒಬ್ಬ ಬಿ.ಕಾಂ. ವಿದ್ಯಾರ್ಥಿನಿ. ಅಲ್ಲಿಯೂ ಮೇಜು ಅಡ್ಡ ಹಾಕಿಸಿದ್ದೆ. "ಹುಡುಗರು ಎರಡನೇ ಸಲ ಕೇಳಿದ್ರ ಧೈರ್ಯ ಐತಿ ಅಂತಾರ್ರಿ. ನಾವು ಕೇಳಿದ್ರ ಸೊಕ್ಕು ಅಂತಾರ. ನಮ್ಮೂರಿನವರ ಯಾರರ ಅಲ್ಲಿದ್ರ ಸಂಜೀಕ ಮನೀಗೆ ಸುದ್ದಿ ಮುಟ್ಟತೈತ್ರಿ, ಮರುವರ್ಷ ಕಾಲೇಜು ಬಂದ್." ನನಗೆ ಉತ್ತರ ಹೊಳೆಯಲಿಲ್ಲ. ಅವರೇ ಒಂದು ದಾರಿ ಕಂಡುಕೊಂಡರು. ಇಬ್ಬಿಬ್ಬರಾಗಿ ಹೋಗುತ್ತಾರೆ, ಒಬ್ಬಳು ಕೇಳುತ್ತಾಳೆ, ಇನ್ನೊಬ್ಬಳು ಪಕ್ಕದಲ್ಲಿ ನಿಂತು ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆ. ಏನು ಬರೆಯುತ್ತೀಯಮ್ಮ ಎಂದು ಕೇಳಿದೆ. "ಏನೂ ಇಲ್ರಿ ಸರ್, ಸುಮ್ನ ಬರೀತೇನಿ. ಅವರು ಹೆದರತಾರ."

ನನ್ನ ಪಾಲಿನ ಶಿಸ್ತು ಇಷ್ಟೇ: ಬ್ಯಾಂಕಿನ ಒಳಗೆ ಕಾಲಿಡುವುದಿಲ್ಲ. ಎದುರಿನ ಚಹದಂಗಡಿಯ ಬೆಂಚಿನ ಮೇಲೆ ಕೂರುತ್ತೇನೆ. ಇದು ನಾನು ಕಲಿತದ್ದರಲ್ಲೆಲ್ಲ ಕಷ್ಟದ್ದು. ಹುಡುಗ ಒಳಗೆ ಹೋಗಿ ನಾಲ್ಕೇ ನಿಮಿಷಕ್ಕೆ ಸಪ್ಪೆ ಮುಖ ಹೊತ್ತು ಹೊರಗೆ ಬಂದಾಗ, ಎದ್ದು ಹೋಗಿ ಒಂದು ಮಾತು ಹೇಳಿದರೆ ಆಗುವ ಕೆಲಸ ಎಂದು ಗೊತ್ತಿದ್ದೂ ಕೂತಿರಬೇಕು. ಚಹದಂಗಡಿಯವನಿಗೆ ನನ್ನಿಂದ ವ್ಯಾಪಾರ ಚೆನ್ನಾಗಿದೆ.

ಎತ್ತರದ ಹುಡುಗ ಸೀಡಿಂಗನ್ನು ಊರಿನ ಖಾತೆಗೆ ಬದಲಿಸಿಕೊಳ್ಳಲು ಅಲ್ಲಿಗೆ ಹೋದದ್ದು ಮೂರು ಸಲ. ಮೊದಲ ಸಲ "ಸರ್ವರ್ ಇಲ್ಲ", ಎರಡನೇ ಸಲ "ಫಾರ್ಮ್ ಮುಗದಾವು". ಮೂರನೇ ಸಲ ಮುಕ್ಕಾಲು ತಾಸಾದರೂ ಹೊರಗೆ ಬರಲಿಲ್ಲ. ನಾನು ಮೂರನೇ ಚಹಾಕ್ಕೆ ಕೈ ಹಾಕಿದ್ದೆ. ಕೊನೆಗೆ ಬಂದ. ಅರ್ಜಿಯ ಎರಡನೇ ಪ್ರತಿಯ ಮೇಲೆ ನೀಲಿ ಸೀಲು ಸೊಟ್ಟಗೆ ಬಿದ್ದಿತ್ತು. ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಕವರನ್ನು ಅಂಗಿಯೊಳಗೆ ಇಟ್ಟುಕೊಂಡು ಪಕ್ಕದಲ್ಲಿ ಕೂತ. ನಾನು ಅವನಿಗೂ ಒಂದು ಚಹಾ ಹೇಳಿದೆ. ಅರ್ಧ ಕುಡಿದ ಮೇಲೆ ಕೇಳಿದ:

"ಸರ್, ಆ ಡಿಡಿ ಹುಡುಗ ಏನಾದ್ನಿರಿ?"

"ಗೊತ್ತಿಲ್ಲಪ್ಪ."

ಅವನು ಲೋಟ ಕೆಳಗಿಟ್ಟ. ದನಿ ಏರಿಸಲಿಲ್ಲ, ಬೆಂಚಿನಿಂದ ಕದಲಲೂ ಇಲ್ಲ.

"ನೀವು ಹುಡುಕಲಿಲ್ಲೇನ್ರಿ?"