ಕಿತ್ತ ಕಸ ಮತ್ತೆ ಬರುತ್ತದೆ: ಊರ ಮೈದಾನಕ್ಕೆ ಗುತ್ತಿಗೆದಾರನೋ, ಸ್ವಂತ ಆಳೋ?

ಮೊದಲು ರೋಣ ತಾಲೂಕಿಗೆ ಸೇರಿದ್ದು, ಈಗ ಗಜೇಂದ್ರಗಡ ತಾಲೂಕಿನಲ್ಲಿರುವ ಮುಶಿಗೇರಿ ಎರೆಸೀಮೆಯ ಊರು. ಈ ಸೀಮೆಯಲ್ಲಿ ಬೇಸಿಗೆ ತಿಂಗಳುಗಳಲ್ಲಿ ಹುಲ್ಲಿನ ಮಾತೇ ಇಲ್ಲ. ನೆಲ ಬಿರುಕುಬಿಟ್ಟು ಭಣಭಣ ಎನ್ನುತ್ತಿರುತ್ತದೆ. ಮೃಗಶಿರಾ, ಆರಿದ್ರಾ ಮಳೆ ಹದವಾಗಿ ಬಿದ್ದವೆಂದರೆ ಶಾಲೆಯ ಮೈದಾನ, ರುದ್ರಭೂಮಿ, ಖಬರಸ್ಥಾನ, ಆಸ್ಪತ್ರೆಯ ಆವರಣ, ನೀರಿನ ಟಾಕಿಯ ಬುಡ, ಕೆರೆಯ ದಂಡೆ ಎಲ್ಲ ಕಡೆ ಕಸ ಸೊಂಟಮಟ್ಟ ಎದ್ದು ನಿಲ್ಲುತ್ತದೆ. ಆಗಸ್ಟ್ 15ರ ಧ್ವಜಾರೋಹಣ ಹತ್ತಿರ ಬಂದಾಗ ಪಂಚಾಯಿತಿ ಸಭೆಯಲ್ಲಿ ವರ್ಷವೂ ಅದೇ ಪ್ರಶ್ನೆ ಏಳುತ್ತದೆ: ಗುತ್ತಿಗೆ ಕೊಡೋಣವೋ, ನಮ್ಮ ಸಿಬ್ಬಂದಿಯಿಂದಲೇ ಮಾಡಿಸೋಣವೋ?

ರೋಣ, ನರಗುಂದ, ಗಜೇಂದ್ರಗಡ ಭಾಗದಲ್ಲಿ ಎರಡೂ ರೀತಿಯಲ್ಲಿ ಈ ಕೆಲಸ ಮಾಡಿಸಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಯಾವ ಊರಲ್ಲಿ ಏನಾಯಿತು ಎಂಬ ಹೆಸರುಗಳು ಬೇಡ. ಪಾಠಗಳು ಎಲ್ಲ ಊರಿಗೂ ಹೊಂದುತ್ತವೆ.

1. ‘ಹುಲ್ಲು ತೆಗೆಯುವುದು’ ಎಂಬುದು ಒಂದು ಕೆಲಸವಲ್ಲ, ಮೂರು

ಠರಾವಿನಲ್ಲಿ ‘ಮೈದಾನದ ಗಿಡಗಂಟಿ ತೆಗೆಯುವುದು’ ಎಂದು ಒಂದೇ ಸಾಲು ಬರೆದರೆ ಅಲ್ಲೇ ಹಣ ಸೋರಲು ಶುರು. ನಮ್ಮ ಆವರಣಗಳಲ್ಲಿ ಬೆಳೆಯುವುದು ಮುಖ್ಯವಾಗಿ ಮೂರು ಬಗೆ. ಒಂದು, ಕರಿಕಿ ಮತ್ತಿತರ ಹುಲ್ಲು. ಇದನ್ನು ಕೊಯ್ದರೆ ಸಾಕು; ಬೇರು ಕಿತ್ತರೆ ಮಳೆಗೆ ಮಣ್ಣು ಕೊಚ್ಚಿ ಹೋಗಿ ಮೈದಾನ ರಾಡಿಯಾಗುತ್ತದೆ. ಎರಡು, ಕಾಂಗ್ರೆಸ್ ಕಸ. ಇದನ್ನು ಮೇಲೆ ಮೇಲೆ ಕೊಯ್ದರೆ ಬುಡದಿಂದ ಮತ್ತೆ ಒಡೆಯುತ್ತದೆ. ಹೂ ಬಿಡುವ ಮೊದಲೇ, ನೆಲ ಹಸಿಯಿದ್ದಾಗ, ಬೇರುಸಹಿತ ಕೀಳಬೇಕು. ಒಂದೇ ಗಿಡ ಹತ್ತು ಸಾವಿರಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಮೂರು, ಬಳ್ಳಾರಿ ಜಾಲಿ. ಇದಕ್ಕೆ ಕುಡಗೋಲೂ ನಡೆಯದು, ಹುಲ್ಲು ಕೊಯ್ಯುವ ಯಂತ್ರವೂ ನಡೆಯದು. ಜೆಸಿಬಿ ತರಿಸಿ ಬುಡ ಸಮೇತ ಎತ್ತಿಸದಿದ್ದರೆ ಮರುವರ್ಷ ಒಂದು ಕಾಂಡದ ಜಾಗದಲ್ಲಿ ನಾಲ್ಕು ಚಿಗುರಿರುತ್ತವೆ.

ಒಂದೇ ದರದಲ್ಲಿ ಮೂರನ್ನೂ ಕೊಟ್ಟರೆ ಗುತ್ತಿಗೆದಾರ ಸುಲಭವಾದದ್ದನ್ನು ಮಾಡಿ ಕಷ್ಟದ್ದನ್ನು ಮೂಲೆಗೆ ಬಿಡುತ್ತಾನೆ. ಅದು ಅವನ ದುಷ್ಟತನವಲ್ಲ, ನಾವು ಬರೆದ ಷರತ್ತಿನ ಫಲ.

2. ಒಮ್ಮೆಗೆ ಮುಗಿಯುವುದು ಗುತ್ತಿಗೆಗೆ, ಮತ್ತೆ ಮತ್ತೆ ಬರುವುದು ಊರ ಕೈಗೆ

ನಾನು ಕಂಡುಕೊಂಡ ಮುಖ್ಯ ಸೂತ್ರ ಇದು. ಜಾಲಿ ತೆಗೆಯುವುದು, ಹಳೆಯ ರುದ್ರಭೂಮಿಯನ್ನು ಮೊದಲ ಸಲ ಹಸನು ಮಾಡುವುದು, ಮೈದಾನದ ತಗ್ಗು ತುಂಬಿ ಸಮ ಮಾಡುವುದು, ಇವು ಯಂತ್ರ ಬೇಡುವ, ಎರಡು-ಮೂರು ದಿನದಲ್ಲಿ ಮುಗಿಯುವ ಕೆಲಸಗಳು. ಇವಕ್ಕಾಗಿ ಪಂಚಾಯಿತಿ ಜೆಸಿಬಿ ಇಟ್ಟುಕೊಳ್ಳಲಾಗದು. ಇದ್ದವರಿಗೆ ಕೊಡುವುದೇ ಸರಿ. ಜಾಲಿಯ ವಿಷಯದಲ್ಲಿ ಇನ್ನೊಂದು ಮಾತು: ಅದರ ಕಟ್ಟಿಗೆಗೆ, ಇದ್ದಲಿಗೆ ಬೆಲೆಯಿದೆ. ಕಟ್ಟಿಗೆ ಯಾರದು ಎಂದು ಮೊದಲೇ ಬರೆಯದಿದ್ದರೆ ಪಂಚಾಯಿತಿ ಬಾಡಿಗೆಯನ್ನೂ ಕೊಡುತ್ತದೆ, ಕಟ್ಟಿಗೆಯನ್ನೂ ಕಳೆದುಕೊಳ್ಳುತ್ತದೆ.

ಇನ್ನು ಹುಲ್ಲು ಮತ್ತು ಕಾಂಗ್ರೆಸ್ ಕಸ. ಇವು ಪ್ರತಿ ಹದ ಮಳೆಗೂ ಏಳುತ್ತವೆ. ಪೇಟೆಯ ಗುತ್ತಿಗೆದಾರನಿಗೆ ನಾಲ್ಕು ಆಳು, ಒಂದು ಗಾಡಿ ಕಟ್ಟಿಕೊಂಡು ಅರ್ಧ ಎಕರೆಗಾಗಿ ತಿಂಗಳಿಗೆ ಎರಡು ಸಲ ಬರುವುದು ಗಿಟ್ಟುವುದಿಲ್ಲ. ಒಮ್ಮೆ ಬಂದು, ಬಿಲ್ಲು ಮಾಡಿಸಿಕೊಂಡು ಹೋಗುತ್ತಾನೆ. ಊರಲ್ಲೇ ಇರುವವರಿಗೆ ಮಾತ್ರ ಬೆಳಿಗ್ಗೆ ಎರಡು ತಾಸು ಕೆಲಸ ಮಾಡಿ ಮನೆಗೆ ಹೋಗುವುದು ಸಾಧ್ಯ.

3. ಕೊಯ್ದ ಹುಲ್ಲಿಗೆ ಸಾಕ್ಷಿಯಿಲ್ಲ

ಗಟಾರ ಕಟ್ಟಿದರೆ ಹತ್ತು ವರ್ಷದ ಮೇಲೂ ಟೇಪು ಹಿಡಿದು ಅಳೆಯಬಹುದು. ಹುಲ್ಲು ಹಾಗಲ್ಲ. ಕೆಲಸ ಜುಲೈ ಮೊದಲ ವಾರ, ಬಿಲ್ಲು ಬರುವುದು ಆಗಸ್ಟ್ ಕೊನೆಗೆ. ಸ್ಥಳಕ್ಕೆ ಹೋಗಿ ನೋಡಿದರೆ ಕಸ ಮೊಣಕಾಲುಮಟ್ಟ. ಹೆಡ್‌ಮಾಸ್ತರರು “ಎಂದ್ ಕೊಯ್ಸಿದ್ರೀ ಸರ?” ಎಂದು ಕೇಳುತ್ತಾರೆ. ಗುತ್ತಿಗೆದಾರ ಮುಖ ಸಣ್ಣದು ಮಾಡಿ “ಕೊಯ್ಸೀನ್ರೀ ಸಾಹೇಬರ, ಮತ್ತ ಬೆಳದ್ರ ನಾ ಏನ್ ಮಾಡ್ಲಿ?” ಎನ್ನುತ್ತಾನೆ. ಇಬ್ಬರ ಮಾತೂ ಸುಳ್ಳಿರಲಿಕ್ಕಿಲ್ಲ. ಆದರೆ ಅಳತೆ ಪುಸ್ತಕ (ಎಂ.ಬಿ.) ಬರೆಯುವವನು ಯಾವುದನ್ನು ಬರೆಯಬೇಕು?

ಉದ್ಯೋಗ ಖಾತ್ರಿಯಲ್ಲಿ ಈ ಕೆಲಸ ಹಿಡಿಯಿರಿ ಎಂದು ಸದಸ್ಯರು ಹೇಳುತ್ತಿದ್ದರು. ಆದರೆ ನರೇಗಾ ಕಾಯ್ದೆಯ ಒಂದನೇ ಅನುಸೂಚಿಯಲ್ಲೇ, ಕಣ್ಣಿಗೆ ಕಾಣುವಂತೆ ಉಳಿಯದ, ಅಳೆಯಲಾಗದ, ಮತ್ತೆ ಮತ್ತೆ ಮಾಡಬೇಕಾಗುವ ಕೆಲಸಗಳನ್ನು ತೆಗೆದುಕೊಳ್ಳಬಾರದು ಎಂದು ಹೇಳಿ, ಅದಕ್ಕೆ ಉದಾಹರಣೆಯಾಗಿ ಹುಲ್ಲು ತೆಗೆಯುವುದನ್ನೇ ಕೊಟ್ಟಿದ್ದರು. ಆಟದ ಮೈದಾನ ಮಾಡಲು ಅವಕಾಶವಿತ್ತು. ಮಾಡಿದ ಮೈದಾನದ ಹುಲ್ಲು ಕೊಯ್ಯಲು ಇರಲಿಲ್ಲ. ಹಾಗಾಗಿ ಈ ಖರ್ಚು ಪಂಚಾಯಿತಿಯ ಸ್ವಂತ ಕರದ ಹಣಕ್ಕೇ ಬಂದು ಬೀಳುತ್ತದೆ. ಕರ ವಸೂಲಿ ಕಡಿಮೆಯಿರುವ ಊರಲ್ಲಿ ಕಸ ಹೆಚ್ಚಿರುವುದಕ್ಕೆ ಇದೂ ಒಂದು ಕಾರಣ.

ಅಳತೆಯ ತೊಡಕಿಗೆ ನಾನು ಹಿಡಿದ ದಾರಿ: ಎಷ್ಟು ಸಲ ಕೊಯ್ದರು ಎಂದು ಎಣಿಸುವುದನ್ನು ಬಿಟ್ಟು, ಜಾಗ ಹೇಗಿರಬೇಕು ಎಂದು ಬರೆಯುವುದು. ‘ಜೂನ್‌ನಿಂದ ನವೆಂಬರ್‌ವರೆಗೆ ಹುಲ್ಲು ಕಾಲಿನ ಹರಡು ದಾಟಿರಬಾರದು, ಹೂ ಬಿಟ್ಟ ಒಂದೂ ಕಾಂಗ್ರೆಸ್ ಗಿಡ ಇರಬಾರದು’ ಎಂದು ಷರತ್ತು. ತಿಂಗಳ ಹಣ ತಿಂಗಳಿಗೆ. ಶಾಲೆಯಲ್ಲಿ ಹೆಡ್‌ಮಾಸ್ತರರ, ಆಸ್ಪತ್ರೆಯಲ್ಲಿ ಅಲ್ಲಿನ ಸಿಬ್ಬಂದಿಯ ಸಹಿ. ಜೊತೆಗೆ ಒಂದೇ ಜಾಗದಲ್ಲಿ ನಿಂತು ತೆಗೆದ ಫೋಟೊ. ಟೇಪು ಬೇಡ, ಕಾಲೇ ಅಳತೆ.

4. ಸ್ವಂತ ಸಿಬ್ಬಂದಿ ಪುಕ್ಕಟೆಯಲ್ಲ

“ಪಗಾರ ಹೆಂಗೂ ಕೊಡ್ತೀವಲ್ರೀ, ಅವರ ಮಾಡ್ಲಿ” ಎಂಬ ಮಾತು ಪ್ರತಿ ಸಭೆಯಲ್ಲೂ ಬರುತ್ತದೆ. ಪಂಚಾಯಿತಿಯಲ್ಲಿ ಇರುವವರು ಎಷ್ಟು ಜನ? ವಾಟರ್‌ಮನ್, ಕರ ವಸೂಲಿಗಾರ, ಸ್ವಚ್ಛತಾ ಸಿಬ್ಬಂದಿ. ವಾಟರ್‌ಮನ್ ಕೈಗೆ ಕುಡಗೋಲು ಕೊಟ್ಟ ದಿನ ಮೇಲಿನ ಓಣಿಗೆ ನೀರು ಬರುವುದಿಲ್ಲ. ಟಾಕಿಗೆ ಬ್ಲೀಚಿಂಗ್ ಪೌಡರ್ ಬೀಳುವುದಿಲ್ಲ. ಮಳೆಗಾಲದಲ್ಲಿ ಗಟಾರ ಕಟ್ಟಿ, ಸೊಳ್ಳೆ ಹೆಚ್ಚಿ, ಡೆಂಗ್ಯೂ ಭಯವಿರುವ ಹೊತ್ತಲ್ಲೇ ಸ್ವಚ್ಛತಾ ಸಿಬ್ಬಂದಿಯನ್ನು ಮೈದಾನಕ್ಕೆ ಕಳಿಸಿದರೆ ಗಟಾರ ಯಾರು ಬಳಿಯಬೇಕು? ಅವರ ಪಗಾರವಷ್ಟೇ ಲೆಕ್ಕವಲ್ಲ, ಅವರು ಬಿಟ್ಟು ಬಂದ ಕೆಲಸವೂ ಲೆಕ್ಕಕ್ಕೆ ಬರಬೇಕು.

ಪಟ್ಟಣಗಳಲ್ಲೂ ಇದೇ. ಪೌರಕಾರ್ಮಿಕರ ಸಂಖ್ಯೆಗೆ ರಾಜ್ಯದಲ್ಲಿರುವ ಮಾನದಂಡ 700 ಜನಸಂಖ್ಯೆಗೆ ಒಬ್ಬರು. ಅದು ಬೀದಿ ಗುಡಿಸುವ, ಕಸ ಎತ್ತುವ ಲೆಕ್ಕ. ಉದ್ಯಾನದ ಹುಲ್ಲು ಅದರಲ್ಲಿಲ್ಲ. ಅದನ್ನೂ ಅವರ ತಲೆಗೇ ಕಟ್ಟಿ, ಬೀದಿ ಹೊಲಸಾಗಿದೆ ಎಂದು ದೂರುವುದು ನ್ಯಾಯವಲ್ಲ.

5. ಹೊಲದ ಹಂಗಾಮು ನೋಡದೆ ದಿನ ಗೊತ್ತು ಮಾಡಬೇಡಿ

ಕಸ ಏಳುವ ಹೊತ್ತು ಮತ್ತು ಆಳು ಸಿಗದ ಹೊತ್ತು ನಮ್ಮಲ್ಲಿ ಒಂದೇ. ಜುಲೈನಲ್ಲಿ ಹೆಸರು, ಉಳ್ಳಾಗಡ್ಡಿ ಹೊಲಗಳಲ್ಲಿ ಕಳೆ, ಹೆಣ್ಣಾಳುಗಳೆಲ್ಲ ಅಲ್ಲಿ. ಆಗಸ್ಟ್ ಬಂದರೆ ಹೆಸರು ಬಿಡಿಸುವುದು. 2025-26ಕ್ಕೆ ಕರ್ನಾಟಕದಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಸುಗ್ಗಿಯ ಅವಸರದಲ್ಲಿ ಹೊಲದವರು ಇದಕ್ಕಿಂತ ಹೆಚ್ಚು ಕೊಟ್ಟು, ಗಾಡಿ ಕಳಿಸಿ, ಚಹಾ ಕೊಟ್ಟು ಕರೆದೊಯ್ಯುವಾಗ ಪಂಚಾಯಿತಿಯ ದರಕ್ಕೆ ಯಾರು ಬರುತ್ತಾರೆ? ಗುತ್ತಿಗೆದಾರನಿಗೂ ಅದೇ ಆಳುಗಳೇ ಬೇಕು, ಅವನೇನು ಆಕಾಶದಿಂದ ತರುವುದಿಲ್ಲ.

ಇದಕ್ಕೆ ಉಪಾಯ, ಮೊದಲ ಸುತ್ತನ್ನು ಜೂನ್ ಕೊನೆಗೆ ಮುಗಿಸುವುದು. ಆಗ ಕಾಂಗ್ರೆಸ್ ಇನ್ನೂ ಗೇಣುದ್ದ, ಹೂವಿಲ್ಲ. ಎರೆಮಣ್ಣು ಹಸಿಯಿರುವುದರಿಂದ ಎಳೆದರೆ ಬೇರು ಸಮೇತ ಬರುತ್ತದೆ. ಬಿತ್ತನೆ ಮುಗಿದು ಕಳೆ ಶುರುವಾಗುವ ನಡುವೆ ಕೆಲವು ದಿನ ಆಳೂ ಸಿಗುತ್ತವೆ. ಆಗಸ್ಟ್ 12ಕ್ಕೆ ಎಚ್ಚರಾದರೆ ದುಪ್ಪಟ್ಟು ಕೂಲಿ, ಅರ್ಧ ಕೆಲಸ.

6. ಯಂತ್ರ ಪಂಚಾಯಿತಿಯದಿರಲಿ, ಜವಾಬ್ದಾರಿ ಒಬ್ಬನದಿರಲಿ

ಹೆಗಲಿಗೆ ಹಾಕಿಕೊಂಡು ಹುಲ್ಲು ಕೊಯ್ಯುವ ಪೆಟ್ರೋಲ್ ಯಂತ್ರ ಈಗ ಹಳ್ಳಿಗೂ ಬಂದಿದೆ. ಕೊಳ್ಳುವುದು ಸುಲಭ, ಕಾಯುವುದು ಕಷ್ಟ. ಎಲ್ಲರೂ ಮುಟ್ಟುವ ಯಂತ್ರ ಒಂದೇ ಮಳೆಗಾಲಕ್ಕೆ ಮೂಲೆ ಸೇರುತ್ತದೆ: ಒಬ್ಬ ಆಯಿಲ್ ಬೆರೆಸದೆ ಬರೀ ಪೆಟ್ರೋಲ್ ಹಾಕಿರುತ್ತಾನೆ, ಇನ್ನೊಬ್ಬ ಕಲ್ಲಿಗೆ ಬ್ಲೇಡ್ ತಾಗಿಸಿರುತ್ತಾನೆ. ಒಬ್ಬನಿಗೆ ವಹಿಸಿ, ಪೆಟ್ರೋಲಿಗೆ ಒಂದು ವಹಿ ಇಡಿ.

ಶಾಲೆಯ ಮೈದಾನದಲ್ಲಿ ಬ್ಲೇಡ್ ಬಿಟ್ಟು ನೈಲಾನ್ ದಾರ ಹಾಕಬೇಕು. ದಾರವೂ ಹರಳು ಸಿಡಿಸುತ್ತದೆ. ಯಂತ್ರದ ಜೊತೆ ಬರುವ ಪುಸ್ತಕಗಳಲ್ಲೇ ಸುತ್ತ 15 ಮೀಟರ್ ಒಳಗೆ ಯಾರೂ ಇರಬಾರದು ಎಂದಿರುತ್ತದೆ. ಹಾಗಾಗಿ ಕೆಲಸ ರವಿವಾರ ಅಥವಾ ಗಂಟೆ ಬಾರಿಸುವ ಮೊದಲೇ. ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು. ಕಾಂಗ್ರೆಸ್ ಕೀಳುವವರಿಗೆ ಕೈಗವಸು ಮತ್ತು ತುಂಬುದೋಳಿನ ಅಂಗಿ ಬೇಕೇ ಬೇಕು. ಅದರ ಸೋಂಕಿಗೆ ಮೈ ಕೆರೆತ, ಉಬ್ಬಸ ಬರುತ್ತದೆ. ಗುತ್ತಿಗೆ ಕೊಟ್ಟ ಮಾತ್ರಕ್ಕೆ ಈ ಹೊಣೆ ಕಳೆಯುವುದಿಲ್ಲ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಕೊಟ್ಟವರೇ ಕೊಡಬೇಕು ಎಂಬ ತತ್ವ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲೇ ಬಂದಿತ್ತು. ಕಾಯ್ದೆ ತಾಗದಷ್ಟು ಸಣ್ಣ ಕೆಲಸವಾದರೂ ಆಳು ಬಂದು ನಿಲ್ಲುವುದು ಪಂಚಾಯಿತಿ ಬಾಗಿಲಿಗೇ.

7. ಔಷಧ ಹೊಡೆದು ಕೈತೊಳೆದುಕೊಳ್ಳಲು ಬಿಡಬೇಡಿ

ಆಳು ಸಿಗದಾಗ ಗುತ್ತಿಗೆದಾರ ಹಿಡಿಯುವ ಅಡ್ಡದಾರಿ ಕಳೆನಾಶಕ. ಒಂದು ಕ್ಯಾನು, ಒಬ್ಬ ಆಳು, ಅರ್ಧ ದಿನ. ವಾರದಲ್ಲಿ ಎಲ್ಲ ಒಣಗಿ ಹಳದಿ. ಮುಂದಿನ ಮಳೆಗೆ ಬೋಳು ನೆಲದ ಮೇಲೆ ಮೊದಲು ಏಳುವುದು ಕಾಂಗ್ರೆಸ್ಸೇ, ಏಕೆಂದರೆ ಅದನ್ನು ತಡೆಯುತ್ತಿದ್ದ ಕರಿಕಿ ಸತ್ತಿರುತ್ತದೆ. ಮಕ್ಕಳು ಆಡುವ, ದನ ಮೇಯುವ ಜಾಗ ಬೇರೆ. ಗ್ಲೈಫೋಸೇಟ್ ಬಳಕೆಯನ್ನು ಕೀಟ ನಿಯಂತ್ರಣ ಪರವಾನಗಿದಾರರಿಗೆ ಸೀಮಿತಗೊಳಿಸಿ ಕೇಂದ್ರ ಸರಕಾರ 2022ರ ಅಕ್ಟೋಬರಿನಲ್ಲಿ ಅಧಿಸೂಚನೆ ಹೊರಡಿಸಿತ್ತು. ‘ಯಾವ ಕಳೆನಾಶಕವನ್ನೂ ಬಳಸಬಾರದು’ ಎಂಬ ಒಂದು ಸಾಲು ಕರಾರಿನಲ್ಲಿ ಇರಲೇಬೇಕು.

8. ಹುಲ್ಲು ಕೆಲವರಿಗೆ ಕಸ, ಕೆಲವರಿಗೆ ಮೇವು

ಕೆರೆಯ ದಂಡೆ, ಗಾಯರಾಣದ ಹುಲ್ಲನ್ನು ದುಡ್ಡು ಕೊಟ್ಟು ಕೊಯ್ಯಿಸುವುದು ನಮ್ಮ ಬರದ ಸೀಮೆಯಲ್ಲಿ ಶೋಭಿಸುವುದಿಲ್ಲ. ಅದನ್ನು ಲಿಲಾವು ಮಾಡಬಹುದು, ಇಲ್ಲವೇ ದನಕರು ಇದ್ದವರು ಸರದಿಯ ಮೇಲೆ ಕೊಯ್ದುಕೊಳ್ಳಲಿ ಎಂದು ಡಂಗುರ ಸಾರಬಹುದು. ಆದರೆ ಕಾಂಗ್ರೆಸ್ ಬೆರೆತ ಹುಲ್ಲನ್ನು ಯಾರೂ ಒಯ್ಯುವುದಿಲ್ಲ, ದನವೂ ಮೂಸುವುದಿಲ್ಲ. ಹಾಗಾಗಿ ಮೊದಲು ಕಾಂಗ್ರೆಸ್ ಕೀಳಿಸಲು ಪಂಚಾಯಿತಿಯ ಖರ್ಚು, ಆಮೇಲೆ ಉಳಿದ ಹುಲ್ಲು ರೈತರಿಗೆ. ಈ ಕ್ರಮ ತಪ್ಪಿದರೆ ಎರಡೂ ಆಗುವುದಿಲ್ಲ.

9. ಗುತ್ತಿಗೆದಾರ ಮತ್ತು ಸಿಬ್ಬಂದಿಯ ನಡುವೆ ಮೂರನೆಯವರಿದ್ದಾರೆ

ಬೆಂಗಳೂರಿನಲ್ಲಿ ಪಾಲಿಕೆಯ ಉದ್ಯಾನಗಳನ್ನು ಟೆಂಡರ್ ಮೇಲೆ ಗುತ್ತಿಗೆದಾರರು ನಿರ್ವಹಿಸುತ್ತ ಬಂದಿದ್ದಾರೆ; ಲಾಲ್‌ಬಾಗ್, ಕಬ್ಬನ್ ಪಾರ್ಕ್ ತೋಟಗಾರಿಕೆ ಇಲಾಖೆಯ ಕೈಯಲ್ಲಿವೆ. ಬ್ರಿಟನ್ನಿನಲ್ಲಿ 1988ರ ಕಾಯ್ದೆ ಉದ್ಯಾನ-ಮೈದಾನಗಳ ನಿರ್ವಹಣೆಯನ್ನು ಪೈಪೋಟಿಯ ಟೆಂಡರಿಗೆ ಕಡ್ಡಾಯವಾಗಿ ಒಡ್ಡಿತು. ಪುರಸಭೆಯ ಸ್ವಂತ ತಂಡವೂ ಖಾಸಗಿಯವರ ಎದುರು ದರ ಹಾಕಿ ಗೆಲ್ಲಬೇಕಾಗಿತ್ತು. 1999ರ ಕಾಯ್ದೆಯೊಂದಿಗೆ ಆ ಕಡ್ಡಾಯ ಹೋಯಿತು. ಅಲ್ಲಿಂದ ನಾವು ಕಲಿಯಬೇಕಾದ್ದು ಒಂದೇ: ಸ್ವಂತ ತಂಡದ ನಿಜವಾದ ಖರ್ಚನ್ನೂ ಕಾಗದದ ಮೇಲೆ ಬರೆದು, ಟೆಂಡರ್ ದರದ ಪಕ್ಕದಲ್ಲಿಟ್ಟು ನೋಡುವುದು.

ಹಳ್ಳಿಗೆ ಈ ಎರಡರಾಚೆಗೂ ದಾರಿಯಿದೆ. ಕರ್ನಾಟಕದ ಎಷ್ಟೋ ಗ್ರಾಮ ಪಂಚಾಯಿತಿಗಳು ಘನತ್ಯಾಜ್ಯದ ಕೆಲಸವನ್ನು ಒಡಂಬಡಿಕೆ ಮಾಡಿಕೊಂಡು ಸಂಜೀವಿನಿ ಮಹಿಳಾ ಒಕ್ಕೂಟಗಳಿಗೆ ಕೊಟ್ಟಿವೆ. ಸ್ವಚ್ಛ ವಾಹಿನಿ ಗಾಡಿಯನ್ನು ಹೆಣ್ಣುಮಕ್ಕಳೇ ಓಡಿಸುತ್ತಾರೆ. ಆ ಒಡಂಬಡಿಕೆಗೇ ಮೈದಾನದ ಕೆಲಸವನ್ನು, ಅದಕ್ಕೆ ತಕ್ಕ ಹಣದೊಂದಿಗೆ, ಸೇರಿಸಬಹುದು. ಕಳೆ ಕೀಳುವುದರಲ್ಲಿ ನಮ್ಮ ಹೆಣ್ಣಾಳುಗಳ ಕೈಚಳಕ ಯಾವ ಯಂತ್ರಕ್ಕೂ ಇಲ್ಲ. ಹಣ ಊರಲ್ಲೇ ಉಳಿಯುತ್ತದೆ. ಕೆಲಸ ಕೆಟ್ಟರೆ ಕೇಳಲು ಗಜೇಂದ್ರಗಡಕ್ಕೋ ಗದಗಕ್ಕೋ ಫೋನು ಹಚ್ಚಬೇಕಿಲ್ಲ, ಓಣಿಯಲ್ಲೇ ಕೇಳಬಹುದು. ‘ತಕ್ಕ ಹಣದೊಂದಿಗೆ’ ಎಂಬುದನ್ನು ಮಾತ್ರ ಮರೆಯಬಾರದು. ಹೆಣ್ಣುಮಕ್ಕಳ ಸಂಘವೆಂದರೆ ಸೇವೆಯ ಹೆಸರಲ್ಲಿ ದುಡಿಸಿಕೊಳ್ಳುವ ಚಟ ನಮ್ಮ ಸಭೆಗಳಿಗಿದೆ.

10. ತೀರ್ಮಾನ ಮೇ ತಿಂಗಳಲ್ಲೇ ಆಗಲಿ

ನೆಲ ಬೋಳಾಗಿರುವ ಮೇ ತಿಂಗಳಲ್ಲಿ ಊರು ಸುತ್ತಿ ಒಂದು ಹಾಳೆ ತಯಾರಿಸಿ. ಎಡಕ್ಕೆ ಜಾಗದ ಹೆಸರು, ಎಷ್ಟು ಗುಂಟೆ, ಕಳೆದ ವರ್ಷ ಅಲ್ಲಿ ಏನು ಬೆಳೆದಿತ್ತು. ಬಲಕ್ಕೆ ನಾಲ್ಕು ಮನೆ: ಜೆಸಿಬಿ ಗುತ್ತಿಗೆ, ಒಕ್ಕೂಟ, ಸ್ವಂತ ಸಿಬ್ಬಂದಿ, ಮೇವಿಗೆ. ಪ್ರತಿ ಜಾಗಕ್ಕೂ ಒಂದೇ ಮನೆಯಲ್ಲಿ ಗುರುತು ಹಾಕಿ. ಎರಡು ಮನೆಗೆ ಬಿದ್ದ ಜಾಗವನ್ನು ಯಾರೂ ಮುಟ್ಟುವುದಿಲ್ಲ. ಸ್ವಂತ ಸಿಬ್ಬಂದಿಯ ಮನೆಗೆ ಟಾಕಿಯ ಬುಡ, ಪಂಚಾಯಿತಿ ಅಂಗಳದಂಥ ಅವರು ದಿನವೂ ಹೋಗಿ ಬರುವ ಜಾಗ ಮಾತ್ರ ಬರಲಿ. ಆಮೇಲೆ ಹಣ ಎಷ್ಟಿದೆ ನೋಡಿ. ಸಾಲದಿದ್ದರೆ ಎಲ್ಲ ಜಾಗಕ್ಕೂ ಸ್ವಲ್ಪ ಸ್ವಲ್ಪ ಹಂಚಬೇಡಿ; ಶಾಲೆ, ಅಂಗನವಾಡಿ ಮತ್ತು ಆಸ್ಪತ್ರೆಯನ್ನು ಆರು ತಿಂಗಳೂ ಹಸನಾಗಿಡಿ. ರುದ್ರಭೂಮಿಗೆ ದಾರಿ ಮತ್ತು ದಹನದ ಕಟ್ಟೆಯ ಸುತ್ತಲಷ್ಟು, ಖಬರಸ್ಥಾನಕ್ಕೂ ಅದೇ ಪ್ರಮಾಣ. ಉಳಿದದ್ದಕ್ಕೆ ಈ ವರ್ಷ ಹಣವಿಲ್ಲ ಎಂದು ಗ್ರಾಮಸಭೆಯಲ್ಲಿ ನೇರವಾಗಿ ಹೇಳಿ, ಆ ಹಾಳೆಯನ್ನು ಪಂಚಾಯಿತಿ ಗೋಡೆಗೆ ಅಂಟಿಸಿ. ಗುತ್ತಿಗೆದಾರ ಕೆಟ್ಟವನೋ ಸಿಬ್ಬಂದಿ ಸೋಮಾರಿಗಳೋ ಎಂಬ ವಾದ ಅಲ್ಲಿಗೆ ಮುಗಿಯುತ್ತದೆ. ಯಾವ ಜಾಗ ಯಾರದು, ಹಣ ಎಷ್ಟು ಎಂದು ಗೋಡೆಯ ಮೇಲೆ ಇದ್ದಾಗ ಕೇಳುವವರಿಗೆ ಯಾರನ್ನು ಕೇಳಬೇಕೆಂದು ಗೊತ್ತಿರುತ್ತದೆ.