ಒಂದು ಬಟ್ಟಲು ರಾಮೆನ್: ತಿನ್ನುವ ಮುಂಚೆ ಕೇಳೋಣ



ಪಿಯುಸಿ ಮುಗಿಸಿ ಬೆಂಗಳೂರಿಗೆ ಓದಲು ಹೋಗುವ ನಿಮ್ಮನ್ನು ಗೆಳೆಯರು ಒಂದಲ್ಲ ಒಂದು ದಿನ ಜಪಾನಿ ಹೋಟೆಲಿಗೆ ಕರೆಯಬಹುದು. ಅಲ್ಲಿ ಶಾಂತಿನಗರದ ನಾರು ನೂಡಲ್ ಬಾರ್‌ನಂಥ ಕಡೆ ರಾಮೆನ್ ತಿನ್ನಲೆಂದೇ ಜನ ಮೊದಲೇ ಜಾಗ ಕಾದಿರಿಸಿ ಹೋಗುತ್ತಾರೆ. ನಮ್ಮೂರಿನ ಅಂಗಡಿಯಲ್ಲಿ ಸಿಗುವ ಟಾಪ್ ರಾಮೆನ್ ಪೊಟ್ಟಣದಲ್ಲಿರುವುದೂ ಅದೇ ಹೆಸರು. ಆದರೆ ಹೋಟೆಲಿನ ಬಟ್ಟಲು ಬೇರೆಯೇ ಲೋಕ.

ಕೆಲವು ವರ್ಷಗಳ ಹಿಂದೆ ನಾವು ಮೂವರು ಹಳೆಯ ಸಹಪಾಠಿಗಳು ಬೆಂಗಳೂರಿನ ಒಂದು ಹೋಟೆಲಿಗೆ ಹೋಗಿದ್ದೆವು. ಒಬ್ಬ ಶ್ರವಣಬೆಳಗೊಳದ ಜೈನ ಗೆಳೆಯ, ಇನ್ನೊಬ್ಬ ಎಲ್ಲವನ್ನೂ ತಿನ್ನುವ ನುಗ್ಗೇಹಳ್ಳಿಯವನು, ಮೂರನೆಯವನು ನಾನು. ಪಟ್ಟಿಯಲ್ಲಿ ‘ತರಕಾರಿ ರಾಮೆನ್’ ಎಂದಿತ್ತು. ನಾವಿಬ್ಬರೂ ಅದನ್ನೇ ಹೇಳಿ ಸುಮ್ಮನಾದೆವು. ಹೆಚ್ಚು ಕೇಳಿದರೆ ಹಳ್ಳಿಯವರು ಎಂದುಕೊಂಡಾರು ಎಂಬ ಸಂಕೋಚ. ನುಗ್ಗೇಹಳ್ಳಿಯವನೇ ಮಾಣಿಯನ್ನು ಕರೆದು, “ಅಣ್ಣಾ, ಸಾರು ಯಾವುದರದು?” ಎಂದ. ಒಳಗೆ ಹೋಗಿ ವಿಚಾರಿಸಿ ಬಂದ ಮಾಣಿ ಹೇಳಿದ: “ಮೇಲೆ ತರಕಾರಿ ಸಾರ್, ಸಾರು ಮೀನಿನದು.”

ಬಟ್ಟಲಿನಲ್ಲಿ ಏನಿದೆ?

ರಾಮೆನ್‌ನಲ್ಲಿ ಸಾಮಾನ್ಯವಾಗಿ ಐದು ಭಾಗಗಳಿರುತ್ತವೆ.

1. ಸಾರು: ಕೋಳಿ, ಹಂದಿ, ಮೀನು ಅಥವಾ ತರಕಾರಿಯದು. ‘ತೊಂಕೊತ್ಸು’ ಎಂದರೆ ಹಂದಿ ಎಲುಬಿನ ಸಾರು. ನಮ್ಮ ಮನೆಯ ಪಾಯದಂತೆಯೇ ಎಲುಬನ್ನು ಗಂಟೆಗಟ್ಟಲೆ ಬೇಯಿಸಿದಾಗ ಕೊಲಾಜೆನ್ ಜೆಲಾಟಿನ್ ಆಗಿ ಸಾರು ಮಂದವಾಗುತ್ತದೆ. ‘ದಾಶಿ’ ಎಂಬ ತಿಳಿಸಾರಿಗೆ ಹೊಗೆಯಲ್ಲಿ ಒಣಗಿಸಿದ ಮೀನನ್ನೂ ಕೊಂಬು ಎಂಬ ಕಡಲಪಾಚಿಯನ್ನೂ ಬಳಸುವುದು ವಾಡಿಕೆ.

2. ತಾರೆ: ಬಟ್ಟಲಿನ ತಳಕ್ಕೆ ಹಾಕುವ ಉಪ್ಪಿನ ಗಟ್ಟಿರಸ. ಸೋಯಾ ಸಾಸ್ ಅಥವಾ ಮಿಸೊ ಜೊತೆಗೆ ಕೆಲವೊಮ್ಮೆ ಮಿರಿನ್ ಸೇರಿಸುತ್ತಾರೆ. ಅಸಲಿ ಮಿರಿನ್‌ನಲ್ಲಿ ಸುಮಾರು 14% ಆಲ್ಕೋಹಾಲ್ ಇರುತ್ತದೆ. ಕುದಿಸಿದರೆ ಪೂರ್ತಿ ಹೋಗುತ್ತದೆ ಎನ್ನುವ ಮಾತು ಸರಿಯಲ್ಲ, ಸ್ವಲ್ಪ ಉಳಿಯಬಹುದು.

3. ನೂಡಲ್ಸ್: ಗೋಧಿ ಹಿಟ್ಟು, ನೀರು, ಉಪ್ಪು, ಕ್ಷಾರ. ಕೆಲವರು ಮೊಟ್ಟೆಯನ್ನೂ ಹಾಕುತ್ತಾರೆ.

4. ಎಣ್ಣೆ: ಘಮಕ್ಕಾಗಿ. ಇದು ಪ್ರಾಣಿಯ ಕೊಬ್ಬೂ ಆಗಿರಬಹುದು.

5. ಮೇಲಿನ ಪದಾರ್ಥ: ಮೊಟ್ಟೆ, ಈರುಳ್ಳಿ ಸೊಪ್ಪು, ಬಿದಿರಿನ ಕಳಲೆ, ‘ಚಾಶು’ ಎಂಬ ಮಾಂಸದ ಹೋಳು. ಜಪಾನಿನಲ್ಲಿ ಚಾಶು ಸಾಮಾನ್ಯವಾಗಿ ಹಂದಿಯದು.

ಕಣ್ಣಿಗೆ ಕಾಣುವುದು ಐದನೆಯದು ಮಾತ್ರ. ಮಿಕ್ಕವನ್ನು ಕೇಳಿಯೇ ತಿಳಿಯಬೇಕು.

ರಸಾಯನಶಾಸ್ತ್ರದ ಪಾಠ

ರಾಮೆನ್ ಎಳೆ ಹಳದಿಯಾಗಿ, ಜಗಿಯಲು ಬಿಗಿಯಾಗಿರುವುದಕ್ಕೆ ಕಾರಣ ‘ಕಾನ್ಸುಯಿ’ ಎಂಬ ಕ್ಷಾರ. ಅದರಲ್ಲಿರುವುದು ಸೋಡಿಯಂ ಕಾರ್ಬೊನೇಟ್ ಮತ್ತು ಪೊಟ್ಯಾಸಿಯಂ ಕಾರ್ಬೊನೇಟ್. ನಮ್ಮ ಅಜ್ಜಿಯರು ಹಪ್ಪಳಕ್ಕೆ ಹಾಕುವ ಹಪ್ಪಳಖಾರವೂ ಇದೇ ಜಾತಿಯದು. ಕ್ಷಾರ ತಗುಲಿದಾಗ ಹಿಟ್ಟಿನ ಫ್ಲೇವನಾಯ್ಡ್‌ಗಳು ಹಳದಿಯಾಗುತ್ತವೆ, ಗ್ಲುಟೆನ್ ಬಿಗಿಯಾಗುತ್ತದೆ.

ಸಾರಿನ ರುಚಿಗೂ ಒಂದು ಕಥೆಯಿದೆ. 1908ರಲ್ಲಿ ಜಪಾನಿನ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆಡಾ ಕೊಂಬು ಪಾಚಿಯಿಂದ ಗ್ಲುಟಾಮಿಕ್ ಆಮ್ಲವನ್ನು ಬೇರ್ಪಡಿಸಿ, ಆ ರುಚಿಗೆ ‘ಉಮಾಮಿ’ ಎಂದು ಹೆಸರಿಟ್ಟರು. ಹಣ್ಣಾದ ಟೊಮೆಟೊದಲ್ಲೂ ಗ್ಲುಟಮೇಟ್ ಇದೆ. ಸಾರು ರುಚಿಸುವುದಕ್ಕೆ ಅದೂ ಒಂದು ಕಾರಣ. ಇನ್ನು ಪೊಟ್ಟಣದ ನೂಡಲ್ಸ್ 1958ರಲ್ಲಿ ಮೊಮೊಫುಕು ಆಂಡೊ ಮಾರುಕಟ್ಟೆಗೆ ತಂದದ್ದು.

ಕೇಳಬೇಕಾದ ನಾಲ್ಕು ಪ್ರಶ್ನೆ

- ಸಾರು ಮತ್ತು ಎಣ್ಣೆ ಯಾವುದರದು?
- ತಾರೆಯಲ್ಲಿ ಮಿರಿನ್ ಅಥವಾ ಮದ್ಯ ಇದೆಯೇ?
- ಮಾಂಸ ಹಲಾಲೇ?
- ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ, ಬೇರೆ ಪಾತ್ರೆಯಲ್ಲಿ ಮಾಡಿಕೊಡುವಿರಾ?

ಮೆಲುದನಿಯಲ್ಲಿ, ನಗುಮುಖದಿಂದ ಕೇಳಿದರೆ ಯಾರೂ ಬೇಸರಪಡುವುದಿಲ್ಲ. ಉತ್ತರ ಗೊತ್ತಿಲ್ಲ ಎಂದರೆ ಆ ತಿಂಡಿಯನ್ನು ಬಿಡುವುದೇ ಲೇಸು.

ಮೇಜಿನ ಮರ್ಯಾದೆ

ಜಪಾನಿನಲ್ಲಿ ನೂಡಲ್ಸನ್ನು ಸುರ್ರೆಂದು ಸದ್ದು ಮಾಡಿ ಹೀರಿದರೆ ತಪ್ಪಲ್ಲ. ಆದರೆ ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿಡಬಾರದು. ಅದು ಸಾವಿನ ಮನೆಯ ಪದ್ಧತಿ. ಊಟಕ್ಕೆ ಮುಂಚೆ ಅವರು ‘ಇತಾದಾಕಿಮಾಸು’ ಎನ್ನುತ್ತಾರೆ, ಅಂದರೆ ‘ವಿನಯದಿಂದ ಸ್ವೀಕರಿಸುತ್ತೇನೆ’. ಬಿಸ್ಮಿಲ್ಲಾ ಹೇಳಿ ತುತ್ತು ಎತ್ತುವ ನಮಗೆ ಈ ಭಾವ ಹೊಸದಲ್ಲ.

ಆ ದಿನ ಅಡುಗೆಯವರು ನಮ್ಮಿಬ್ಬರಿಗೂ ಬೇರೆ ಬಾಣಲೆಯಲ್ಲಿ, ಈರುಳ್ಳಿ ಬೆಳ್ಳುಳ್ಳಿ ಇಲ್ಲದೆ, ಎಲೆಕೋಸು ಹಾಕಿ ನೂಡಲ್ಸ್ ಹುರಿದುಕೊಟ್ಟರು. ನುಗ್ಗೇಹಳ್ಳಿಯವನು ತನ್ನ ಕೋಳಿ ರಾಮೆನ್ ಸುರ್ರೆಂದು ಹೀರಿದ. ಮೂವರ ಊಟ ಬೇರೆ, ಮೇಜು ಒಂದೇ. ಅವನಿಗೆ ಯಾವ ನಿರ್ಬಂಧವೂ ಇರಲಿಲ್ಲ. ಆದರೂ ಕೇಳಿದವನು ಅವನೇ. ಜೊತೆಗಾರ ಬಾಯಿಬಿಟ್ಟು ಹೇಳಲಾರದ್ದನ್ನು ಅವನ ಪರವಾಗಿ ಕೇಳುವುದೂ ಗೆಳೆತನವೇ. ಮುಂದೆ ನಿಮ್ಮ ಸರದಿ ಬಂದಾಗ ಇದನ್ನು ಮರೆಯಬೇಡಿ.

ಅಭ್ಯಾಸ

1. ಮೈದಾ ಹಿಟ್ಟನ್ನು ಎರಡು ಉಂಡೆ ಕಲಸಿ, ಒಂದಕ್ಕೆ ಮಾತ್ರ ಚಿಟಿಕೆ ಅಡುಗೆ ಸೋಡಾ ಹಾಕಿ. ಬಣ್ಣದ ವ್ಯತ್ಯಾಸ ಗುರುತಿಸಿ, ಕಾರಣ ಬರೆಯಿರಿ.
2. ನಿಮ್ಮ ತರಗತಿಯ ಗೆಳೆಯರಲ್ಲಿ ಯಾರು ಏನನ್ನು ತಿನ್ನುವುದಿಲ್ಲ ಎಂಬುದು ನಿಮಗೆ ಗೊತ್ತೇ? ಇಲ್ಲವಾದರೆ ಇವತ್ತೇ ಕೇಳಿ.